ಪಿಂಚಣಿಗೆ ದೇಶವನ್ನು ನಾವೇ ಆರಿಸಿಕೊಳ್ಳುವಂತಿದ್ದರೆ?

ಓದುಗರ ಪ್ರಶ್ನೆ: ನಾನು ಶಿವಮೊಗ್ಗದವಳು. ಬೆಂಗಳೂರಿನಲ್ಲಿ 6 ವರ್ಷ ಕೆಲಸ ಮಾಡಿ, ಈಗ 4 ವರ್ಷದಿಂದ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ. ಪ್ರತಿ ತಿಂಗಳ ಸಂಬಳದಲ್ಲಿ ಶೇ. 9.3 ಪಿಂಚಣಿಗೆ ಕಟ್ ಆಗುತ್ತದೆ. ಇಲ್ಲಿ ವಯಸ್ಸಾದವರೇ ಜಾಸ್ತಿ, ನಮ್ಮ ಕಾಲಕ್ಕೆ ಏನೂ ಉಳಿಯುವುದಿಲ್ಲ ಎಂದು ಆಫೀಸಿನಲ್ಲಿ ಎಲ್ಲರೂ ಹೇಳುತ್ತಾರೆ. ಯುರೋಪಿನಲ್ಲಿ ಯಾವ ದೇಶದ ಬ್ಯಾಂಕಿನಲ್ಲಾದರೂ ಖಾತೆ ತೆರೆಯಬಹುದು, ಹಾಗಿದ್ದಮೇಲೆ ಸ್ವೀಡನ್ನಿನ ಪಿಂಚಣಿಯನ್ನೋ ನೆದರ್ಲೆಂಡ್ಸ್ ಪಿಂಚಣಿಯನ್ನೋ ಆರಿಸಿಕೊಳ್ಳುವ ಹಕ್ಕು ಯಾಕಿಲ್ಲ ಎಂದು ನನ್ನ ಸಹೋದ್ಯೋಗಿ ಕೇಳುತ್ತಾನೆ. ಸರ್ಕಾರಗಳ ನಡುವೆ ಪೈಪೋಟಿ ಬಂದರೆ ಒಳ್ಳೆಯದೇ ಅಲ್ವಾ? ಹಾಗೆಯೇ, ಭಾರತಕ್ಕೆ ವಾಪಸ್ ಬಂದರೆ ನಾನು ಕಟ್ಟಿದ ದುಡ್ಡಿನ ಗತಿ ಏನು?

ಉತ್ತರ: ಎಲ್ಲಕ್ಕಿಂತ ಮೊದಲು ಒಂದು ಮಾತು ಕೇಳುತ್ತೇನೆ. ಬೆಂಗಳೂರಿನ ಆ 6 ವರ್ಷದ ಪಿಎಫ್‌ನಲ್ಲಿ ಇಪಿಎಸ್, ಅಂದರೆ ಪಿಂಚಣಿ ಭಾಗದ ಹಣವನ್ನು ನೀವಿನ್ನೂ ವಾಪಸ್ ತೆಗೆದುಕೊಂಡಿಲ್ಲ ತಾನೆ? ತೆಗೆದುಕೊಂಡಿಲ್ಲವಾದರೆ, ಈ ಉತ್ತರವನ್ನು ಪೂರ್ತಿ ಓದುವವರೆಗೆ ದಯವಿಟ್ಟು ಅರ್ಜಿ ಹಾಕಬೇಡಿ. ಕಾರಣ ಮುಂದೆ ಬರುತ್ತದೆ.

ನಿಮ್ಮ ಸಹೋದ್ಯೋಗಿಯ ಯೋಚನೆ ಹೊಸದಲ್ಲ. ಪಾಲ್ ಎಮಿಲ್ ಡಿ ಪುಯ್ಟ್ ಎಂಬ ಬೆಲ್ಜಿಯಂನ ಸಸ್ಯವಿಜ್ಞಾನಿ 1860ರಲ್ಲೇ ಇದಕ್ಕಿಂತ ದೊಡ್ಡ ಮಾತು ಬರೆದಿದ್ದರು. ಮನೆ ಬದಲಿಸದೆ, ಊರು ಬಿಡದೆ, ಪ್ರತಿಯೊಬ್ಬರೂ ತಮಗೆ ಬೇಕಾದ ಸರ್ಕಾರವನ್ನು ಕಚೇರಿಗೆ ಹೋಗಿ ನೋಂದಾಯಿಸಿಕೊಳ್ಳುವಂತಿರಬೇಕು ಎಂಬುದು ಅವರ ವಾದ. 1990ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಅರ್ಥಶಾಸ್ತ್ರಜ್ಞ ಬ್ರೂನೋ ಫ್ರೈ ಅದೇ ಜಾಡಿನಲ್ಲಿ ಮುಂದೆ ಹೋದರು. ಶಾಲೆಗೆ ಒಂದು, ನೀರಿಗೆ ಒಂದು, ಪೊಲೀಸಿಗೆ ಒಂದು ಹೀಗೆ ಒಂದೊಂದು ಕೆಲಸಕ್ಕೂ ಬೇರೆ ಬೇರೆ ಆಡಳಿತ ಇರಲಿ, ಅವು ಜನರಿಗಾಗಿ ಪೈಪೋಟಿ ಮಾಡಲಿ ಎಂದರು. ನನಗೆ ಈ ಯೋಚನೆಯ ಮೇಲೆ ಗೌರವ ಇದೆ. ಹುಟ್ಟಿದ ಜಾಗವೇ ನಮ್ಮ ಹಣೆಬರಹ ಬರೆಯಬಾರದು ಎಂಬ ಆಸೆ ಇದರ ಬುಡದಲ್ಲಿದೆ. ಆದರೆ ಶಾಲೆಗೆ, ನೀರಿಗೆ ಒಪ್ಪುವ ಮಾತು ಸಾರ್ವಜನಿಕ ಪಿಂಚಣಿಗೆ ಒಪ್ಪುವುದಿಲ್ಲ. ಯಾಕೆಂದರೆ ಪಿಂಚಣಿಯಲ್ಲಿ ನಿಮ್ಮ ದುಡ್ಡು ಎಲ್ಲೂ ಕೂತಿರುವುದಿಲ್ಲ.

ಹೌದು, ನಿಮ್ಮ 9.3, ಕಂಪನಿಯ 9.3, ಒಟ್ಟು ಶೇ. 18.6 ಯಾವ ಪೆಟ್ಟಿಗೆಗೂ ಹೋಗುವುದಿಲ್ಲ. ಈ ತಿಂಗಳು ಕಟ್ ಆದದ್ದು ಹೆಚ್ಚುಕಡಿಮೆ ಈ ತಿಂಗಳೇ ಜರ್ಮನಿಯ ಯಾವುದೋ ಅಜ್ಜಿಯ ಖಾತೆಗೆ ಬೀಳುತ್ತದೆ. ಮೊದಲು ಹೀಗಿರಲಿಲ್ಲ. 1889ರಲ್ಲಿ ಬಿಸ್ಮಾರ್ಕ್ ಕಾಲದಲ್ಲಿ ಕಾನೂನು ಬಂದಾಗ ನಿಧಿ ಕೂಡಿಡುವ ಉದ್ದೇಶ ಇತ್ತು. ಪಿಂಚಣಿ ಸಿಗುತ್ತಿದ್ದದ್ದು 70 ವರ್ಷಕ್ಕೆ! ಆಮೇಲೆ ಮೊದಲ ಮಹಾಯುದ್ಧ ಬಂತು, 1923ರ ಭೀಕರ ಹಣದುಬ್ಬರ ಬಂತು. ಕೂಡಿಟ್ಟ ನಿಧಿ ಕಾಗದದ ಚೂರಾಯಿತು. ಎರಡನೇ ಯುದ್ಧದ ನಂತರ, 1957ರಲ್ಲಿ ಪಶ್ಚಿಮ ಜರ್ಮನಿಯ ಅಡೆನಾವರ್ ಸರ್ಕಾರ ಪಿಂಚಣಿಯನ್ನು ಸಂಬಳಗಳ ಏರಿಕೆಗೆ ಜೋಡಿಸಿತು. ಅಲ್ಲಿಂದ ಮುಂದೆ ದುಡಿಯುವವರು ಕಟ್ಟಿದ್ದನ್ನು ನೇರವಾಗಿ ವಯಸ್ಸಾದವರಿಗೆ ಹಂಚುವ ಪದ್ಧತಿಯೇ ಗಟ್ಟಿಯಾಯಿತು. ನಿಧಿ ಕರಗಬಹುದು, ಆದರೆ ದುಡಿಯುವ ಜನ ಇದ್ದೇ ಇರುತ್ತಾರೆ ಎಂಬ ನಂಬಿಕೆ ಅದು. ಸುಮ್ನೆ ಬಂದ ಪದ್ಧತಿಯಲ್ಲ, ಎರಡು ಸಲ ಎಲ್ಲವನ್ನೂ ಕಳೆದುಕೊಂಡ ಮೇಲೆ ಬಂದದ್ದು.

ನಮ್ಮ ಕಡೆಯ ಚೀಟಿ ವ್ಯವಹಾರವನ್ನು ನೆನೆಸಿಕೊಳ್ಳಿ. ಇಪ್ಪತ್ತು ಜನ ಸೇರಿ ಚೀಟಿ ಹಾಕಿದ್ದಾರೆ. ಎಂಟು ಜನ ಆಗಲೇ ಚೀಟಿ ಎತ್ತಿ ಮಗಳ ಮದುವೆ ಮಾಡಿದ್ದಾರೆ, ಮನೆಗೆ ಮಾಳಿಗೆ ಕಟ್ಟಿದ್ದಾರೆ. ಉಳಿದವರು ತಮ್ಮ ಸರದಿಗೆ ಕಾಯುತ್ತಾ ಕಂತು ಕಟ್ಟುತ್ತಿದ್ದಾರೆ. ಈಗ ಆರು ಜನ ಎದ್ದು, ಪಕ್ಕದ ಬೀದಿಯ ಚೀಟಿ ಚೆನ್ನಾಗಿದೆ, ನಾವು ಅಲ್ಲಿಗೆ ಹೋಗುತ್ತೇವೆ ಎಂದರೆ? ಅವರ ಪ್ರಕಾರ ಅದು ಅವರ ಸ್ವಾತಂತ್ರ್ಯ. ಆದರೆ ಉಳಿದ ಆರು ಜನ ಏನಾಗಬೇಕು? ಸಾರ್ವಜನಿಕ ಪಿಂಚಣಿ ಅಂಥ ಚೀಟಿಯೇ. ಒಂದೇ ವ್ಯತ್ಯಾಸ, ಇಲ್ಲಿ ಹೊಸ ಸದಸ್ಯರು ಹುಟ್ಟುತ್ತಾ ಸೇರುತ್ತಿರುತ್ತಾರೆ, ಚೀಟಿ ಎಂದೂ ಮುಗಿಯುವುದಿಲ್ಲ.

ನಿಮ್ಮ ಆಫೀಸಿನವರ ಭಯದಲ್ಲಿ ಸತ್ಯ ಇದೆ. 1960ರ ದಶಕದ ಆರಂಭದಲ್ಲಿ ಜರ್ಮನಿಯಲ್ಲಿ ಒಬ್ಬ ಪಿಂಚಣಿದಾರರಿಗೆ ಆರು ಜನ ಕಟ್ಟುವವರಿದ್ದರು. ಈಗ ಸುಮಾರು ಇಬ್ಬರು. ವಂತಿಗೆ ಸಾಲದೆ, ಅಲ್ಲಿನ ಕೇಂದ್ರ ಸರ್ಕಾರ ತೆರಿಗೆಯಿಂದ ವರ್ಷಕ್ಕೆ 100 ಬಿಲಿಯನ್ ಯೂರೋಗೂ ಜಾಸ್ತಿ ಹಾಕುತ್ತಿದೆ. ಆದರೆ ಏನೂ ಉಳಿಯುವುದಿಲ್ಲ ಎಂಬ ಮಾತು ಮಾತ್ರ ತಪ್ಪು. ಲೆಕ್ಕ ಹೀಗಿದೆ. ಆ ದೇಶದ ಸರಾಸರಿ ಸಂಬಳದಷ್ಟು ಒಂದು ವರ್ಷ ದುಡಿದರೆ ನಿಮಗೆ ಒಂದು ಪಾಯಿಂಟ್. 2025ಕ್ಕೆ ಲೆಕ್ಕಕ್ಕೆ ಹಿಡಿದ ಸರಾಸರಿ ಸಂಬಳ 50,493 ಯೂರೋ. ಅದರ ಶೇ. 18.6 ಅಂದರೆ ಸುಮಾರು 9,392 ಯೂರೋ. 2025ರ ಜುಲೈನಲ್ಲಿ ಒಂದು ಪಾಯಿಂಟಿನ ಬೆಲೆ, ಅಂದರೆ ಅದಕ್ಕೆ ಸಿಗುವ ಪಿಂಚಣಿ, ತಿಂಗಳಿಗೆ 40.79 ಯೂರೋ, ವರ್ಷಕ್ಕೆ ಸುಮಾರು 489. ಅಂದರೆ ಕಟ್ಟಿದ ದುಡ್ಡು ವಾಪಸ್ ಬರಲು 19 ವರ್ಷ ಬೇಕು. ನಿಮ್ಮ ವಯಸ್ಸಿನವರಿಗೆ ಪಿಂಚಣಿ 67ಕ್ಕೆ ಶುರು, ಹಾಗಾಗಿ 86 ವರ್ಷದವರೆಗೆ ಬದುಕಬೇಕು. ಕೇಳಿದರೆ ಬೇಜಾರಾಗುತ್ತದೆ. ಆದರೆ ಪಾಯಿಂಟಿನ ಬೆಲೆ ನಿಂತಲ್ಲಿ ನಿಲ್ಲುವುದಿಲ್ಲ. 2015ರಲ್ಲಿ ಜರ್ಮನಿಯ ಪಶ್ಚಿಮ ಭಾಗದಲ್ಲಿ ಅದು 29.21 ಯೂರೋ ಇತ್ತು. ಜೊತೆಗೆ ನಡುವೆ ದುಡಿಯಲಾಗದಂತೆ ಕಾಯಿಲೆ ಬಿದ್ದರೆ ಅದಕ್ಕೂ ಪಿಂಚಣಿ ಇದೆ, ತೀರಿಹೋದರೆ ಗಂಡನಿಗೆ, ಮಕ್ಕಳಿಗೆ ಇದೆ. ಎಕ್ಸೆಲ್ ಹಾಳೆಯಲ್ಲಿ ಬಡ್ಡಿ ಲೆಕ್ಕ ಹಾಕುವವರು ಈ ವಿಮೆಯ ಭಾಗವನ್ನು ಯಾವಾಗಲೂ ಬಿಟ್ಟುಬಿಡುತ್ತಾರೆ.

ಈಗ ಆಯ್ಕೆ ಕೊಟ್ಟೆವು ಎಂದುಕೊಳ್ಳೋಣ. ಮೊದಲು ಎದ್ದು ಹೋಗುವವರು ಯಾರು? ನಿಮ್ಮಂಥವರು. ಚಿಕ್ಕ ವಯಸ್ಸು, ಒಳ್ಳೆ ಸಂಬಳ, ಗಟ್ಟಿ ಆರೋಗ್ಯ. ಉಳಿಯುವವರು 58 ವರ್ಷದ ಕಾರ್ಖಾನೆ ಕೆಲಸಗಾರ, ಕಾಯಿಲೆಯವರು, ಅರ್ಧ ದಿನ ದುಡಿದು ಮಕ್ಕಳನ್ನು ಸಾಕಿದ ತಾಯಿ. ವಂತಿಗೆ ಏರಿಸಬೇಕಾಗುತ್ತದೆ, ಏರಿಸಿದಷ್ಟೂ ಇನ್ನಷ್ಟು ಜನ ಹೋಗುತ್ತಾರೆ.

ನೆದರ್ಲೆಂಡ್ಸ್ ಉದಾಹರಣೆಯಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಅಲ್ಲಿನ ಮೂಲ ಪಿಂಚಣಿಗೆ ಎಒಡಬ್ಲ್ಯು ಎನ್ನುತ್ತಾರೆ. ಅಲ್ಲಿ ವಾಸವಿದ್ದ ಅಥವಾ ದುಡಿದ ಒಂದೊಂದು ವರ್ಷಕ್ಕೆ ಶೇ. 2ರಂತೆ ಹಕ್ಕು ಬೆಳೆಯುತ್ತದೆ, 50 ವರ್ಷಕ್ಕೆ ಪೂರ್ತಿ. ಸಂಬಳ ಎಷ್ಟಿತ್ತು ಎಂಬುದು ಲೆಕ್ಕಕ್ಕಿಲ್ಲ. ಆದರೆ ವಂತಿಗೆ ಮಾತ್ರ ಆದಾಯದ ಮೇಲೆ, ಒಂದು ಮಿತಿಯವರೆಗೆ ಶೇ. 17.9. ಜಾಸ್ತಿ ಗಳಿಸುವವರು ಜಾಸ್ತಿ ಕಟ್ಟಿ, ಎಲ್ಲರಷ್ಟೇ ಪಡೆಯುತ್ತಾರೆ. ಜರ್ಮನಿಯಲ್ಲಿ ಕಟ್ಟಿದ್ದಕ್ಕೆ ತಕ್ಕಂತೆ ಪಿಂಚಣಿ. ಈ ಎರಡರ ನಡುವೆ ಮುಕ್ತ ಆಯ್ಕೆ ಇಟ್ಟರೆ, ಕಡಿಮೆ ಸಂಬಳದವರೆಲ್ಲ ಡಚ್ ಪಿಂಚಣಿಗೆ, ಜಾಸ್ತಿ ಸಂಬಳದವರೆಲ್ಲ ಜರ್ಮನ್ ಪಿಂಚಣಿಗೆ. ಡಚ್ ವ್ಯವಸ್ಥೆ ನಿಂತಿರುವುದೇ ಉಳ್ಳವರು ಇಲ್ಲದವರ ಜೊತೆ ಒಂದೇ ದೋಣಿಯಲ್ಲಿ ಕೂತಿರುವುದರಿಂದ. ಉಳ್ಳವರು ಇಳಿದ ದಿನ ದೋಣಿ ನಡೆಸುವವರೇ ಇಲ್ಲ. ಪೈಪೋಟಿಯಲ್ಲಿ ಮೊದಲು ಸೋಲುವುದು ಕೆಟ್ಟ ವ್ಯವಸ್ಥೆಯಲ್ಲ, ಕರುಣೆ ಜಾಸ್ತಿ ಇರುವ ವ್ಯವಸ್ಥೆ. ನಾನು ನಿಮ್ಮ ಸಹೋದ್ಯೋಗಿಯ ಮಾತನ್ನು ಒಪ್ಪದಿರುವುದಕ್ಕೆ ಮುಖ್ಯ ಕಾರಣ ಇದೇ.

ಸ್ವೀಡನ್ನಿಗೆ ಹೋದರೆ ಬಚಾವಾಗಬಹುದು ಎಂದು ಅವರು ಅಂದುಕೊಂಡಿದ್ದರೆ ಅದೂ ಪೂರ್ತಿ ನಿಜವಲ್ಲ. ಅಲ್ಲಿ ಪಿಂಚಣಿಗೆ ಹೋಗುವ ಶೇ. 18.5ರಲ್ಲಿ 16 ಭಾಗ ಜರ್ಮನಿಯಂತೆಯೇ ಇಂದಿನ ವಯಸ್ಸಾದವರಿಗೆ ಹೋಗುತ್ತದೆ. ನಿಮ್ಮ ಹೆಸರಲ್ಲಿ ಲೆಕ್ಕ ಮಾತ್ರ ಬರೆದಿಡುತ್ತಾರೆ. ಲೆಕ್ಕ ಸರಿದೂಗದಿದ್ದರೆ ಪಿಂಚಣಿಯನ್ನು ತಾನಾಗಿಯೇ ಇಳಿಸುವ ಸೂತ್ರವೂ ಕಾನೂನಿನಲ್ಲೇ ಇದೆ. 2010ರಲ್ಲಿ ಅದು ಜಾರಿಯಾಗಿ ಅಲ್ಲಿನ ಹಿರಿಯರ ಪಿಂಚಣಿ ಇಳಿಯಿತು.

ಹಾಗಾದರೆ ಹಳೆಯದನ್ನು ಬಿಟ್ಟು ಹೊಸದಕ್ಕೆ ಹೋಗಲು ಸಾಧ್ಯವೇ ಇಲ್ಲವೇ? ಸಾಧ್ಯ ಇದೆ, ಆದರೆ ನಡುವಿನ ತಲೆಮಾರು ಎರಡು ಸಲ ಕಟ್ಟಬೇಕು. ಇದು ನಮ್ಮ ಮನೆಯಲ್ಲೇ ನಡೆಯುತ್ತಿದೆ. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಸರ್ಕಾರಿ ಕೆಲಸಕ್ಕೆ ಸೇರಿದವರು ಎನ್‌ಪಿಎಸ್‌ಗೆ, ಅಂದರೆ ಅವರವರ ಹೆಸರಿನ ಖಾತೆಯಲ್ಲಿ ಹಣ ಕೂಡಿಡುವ ಹೊಸ ಪಿಂಚಣಿಗೆ ಬಂದರು. ಅಂದಿನಿಂದ ರಾಜ್ಯದ ಖಜಾನೆ ಹಳಬರಿಗೆ ಹಳೇ ಪಿಂಚಣಿಯನ್ನೂ ಕೊಡಬೇಕು, ಹೊಸಬರ ಖಾತೆಗೆ ತನ್ನ ಪಾಲನ್ನೂ ತುಂಬಬೇಕು. ಹಳೇ ಪಿಂಚಣಿದಾರರು ಕಡಿಮೆಯಾಗಿ ಉಳಿತಾಯ ಕಾಣಲು ದಶಕಗಳೇ ಬೇಕು. ಎನ್‌ಪಿಎಸ್ ರದ್ದು ಮಾಡಿ ಎಂದು ನೌಕರರು ಬೀದಿಗಿಳಿದದ್ದು ನಿಮಗೆ ನೆನಪಿರಬಹುದು. ಒಂದೇ ರಾಜ್ಯದ ಒಂದೇ ಸರ್ಕಾರಕ್ಕೆ ಇಷ್ಟು ಕಷ್ಟವಾದರೆ, ಇಪ್ಪತ್ತೇಳು ದೇಶಗಳ ನಡುವೆ ಜನ ಬೇಕಾದಾಗ ಹೋಗಿ ಬಂದು ಮಾಡಿದರೆ ಹಳೇ ಬಾಕಿಯನ್ನು ಯಾವ ಖಜಾನೆ ಹೊರಬೇಕು?

ಆಯ್ಕೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ನಿಜವಾಗಿ ಕೂಡಿಟ್ಟ ದುಡ್ಡು ಇರುವ ಕಡೆ ಆಯ್ಕೆ ಕೊಡಬಹುದು. ಸ್ವೀಡನ್ನಿನ ಉಳಿದ 2.5 ಭಾಗ ಅಂಥದ್ದು. 2000ರಲ್ಲಿ ಸರ್ಕಾರ ಜನರ ಮುಂದೆ 450ಕ್ಕೂ ಹೆಚ್ಚು ಫಂಡ್‌ಗಳನ್ನು ಇಟ್ಟು, ನೀವೇ ಆರಿಸಿ ಎಂದಿತು. ದೊಡ್ಡ ಪ್ರಚಾರ ನಡೆಯಿತು. ಮೊದಲ ಸಲ ಮೂರರಲ್ಲಿ ಎರಡು ಪಾಲು ಜನ ಆರಿಸಿದರು. ಕೆಲವೇ ವರ್ಷಗಳಲ್ಲಿ, ಹೊಸದಾಗಿ ಸೇರಿದವರಲ್ಲಿ ಆರಿಸುವವರು ನೂರಕ್ಕೆ ಹತ್ತಕ್ಕಿಂತ ಕಡಿಮೆಯಾದರು. ಉಳಿದವರೆಲ್ಲ ಸರ್ಕಾರ ತಾನಾಗಿಯೇ ಹಾಕಿಕೊಡುವ ಫಂಡಿನಲ್ಲಿ ಉಳಿದರು. ಅದರ ಫಲವೂ ಚೆನ್ನಾಗಿಯೇ ಬಂತು.

ಬ್ರಿಟನ್ನಿನ ಕಥೆ ಇದಕ್ಕಿಂತ ನೋವಿನದು. 1988ರಲ್ಲಿ ಖಾಸಗಿ ಪಿಂಚಣಿಗೆ ಹೋಗುವ ಸ್ವಾತಂತ್ರ್ಯ ಕೊಟ್ಟರು. ಕಮಿಷನ್ ಏಜೆಂಟರು ಮನೆ ಮನೆಗೆ ಹೋದರು. ನರ್ಸ್‌ಗಳು, ಮೇಷ್ಟ್ರುಗಳು, ಗಣಿ ಕೆಲಸಗಾರರು ತಮ್ಮ ಕೆಲಸದ ಜೊತೆ ಬರುತ್ತಿದ್ದ ಗಟ್ಟಿ ಪಿಂಚಣಿಯನ್ನು ಬಿಟ್ಟು ಹೊರಬಂದರು. ಅದು ಮೋಸದ ಮಾರಾಟ ಎಂದು ಆಮೇಲೆ ತೀರ್ಮಾನವಾಗಿ, ಕಂಪನಿಗಳು ಕೊಟ್ಟ ಪರಿಹಾರವೇ 11 ಬಿಲಿಯನ್ ಪೌಂಡ್ ದಾಟಿತು. ನಲವತ್ತು ವರ್ಷದ ನಂತರ ಸಿಗುವ ಸರಕನ್ನು ಇವತ್ತು ಪರೀಕ್ಷಿಸಿ ಕೊಳ್ಳಲು ಯಾರಿಗೂ ಆಗುವುದಿಲ್ಲ. ಸಿಮ್ ಕಾರ್ಡ್ ಬದಲಿಸುವುದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಸಿಗ್ನಲ್ ಸಿಗದಿದ್ದರೆ ಮರುದಿನವೇ ಗೊತ್ತಾಗುತ್ತದೆ. ಪಿಂಚಣಿ ಕೈಕೊಟ್ಟದ್ದು ಗೊತ್ತಾಗುವುದು 67ಕ್ಕೆ.

ಯುರೋಪಿಯನ್ ಒಕ್ಕೂಟವೂ ಗಡಿ ದಾಟುವ ಒಂದು ಖಾಸಗಿ ಪಿಂಚಣಿ ಯೋಜನೆಯನ್ನು 2022ರ ಮಾರ್ಚ್‌ನಲ್ಲಿ ಶುರು ಮಾಡಿತು, ಪೆಪ್ ಎಂದು ಹೆಸರು. ಯಾವ ದೇಶಕ್ಕೆ ಹೋದರೂ ಅದೇ ಖಾತೆ. ಮೂಲ ಯೋಜನೆಗೆ ಶುಲ್ಕ ಶೇ. 1 ಮೀರಬಾರದು ಎಂಬ ಮಿತಿ. ಆಶಯ ಚೆನ್ನಾಗಿತ್ತು, ಆದರೆ ಮಾರಲು ಮುಂದೆ ಬಂದ ಕಂಪನಿಗಳು ಬೆರಳೆಣಿಕೆಯಷ್ಟು. ಒಂದೊಂದು ದೇಶದ ತೆರಿಗೆ ನಿಯಮ ಒಂದೊಂದು ರೀತಿ ಇರುವುದು ಅದಕ್ಕೆ ದೊಡ್ಡ ಅಡ್ಡಿ.

ಇನ್ನು ನನಗೆ ಬಹಳ ಮುಖ್ಯ ಅನಿಸುವ ವಿಷಯಕ್ಕೆ ಬರುತ್ತೇನೆ. ಸಾರ್ವಜನಿಕ ಪಿಂಚಣಿ ಎಂದರೆ ಸಂಸತ್ತು ಕೊಟ್ಟ ಮಾತು. ಸಂಸತ್ತು ಆ ಮಾತನ್ನು ಬದಲಿಸಬಹುದು. ಸ್ಟುಟ್‌ಗಾರ್ಟ್‌ನಲ್ಲಿ ಕೂತು ಸ್ವೀಡನ್ನಿನ ಪಿಂಚಣಿ ಆರಿಸಿಕೊಂಡವರಿಗೆ ಸ್ವೀಡನ್ನಿನಲ್ಲಿ ಮತ ಇರುವುದಿಲ್ಲ. ನಾಳೆ ಅಲ್ಲಿ ನಿಯಮ ಬದಲಾದರೆ ಕೇಳುವವರು ಯಾರು? ಇಲ್ಲಿ ನೀವು ತಿರುಗಿ ಕೇಳಬಹುದು: ನನಗೆ ಜರ್ಮನಿಯಲ್ಲೂ ಮತ ಇಲ್ಲ, ಆದರೂ ದುಡ್ಡು ಕಟ್ ಆಗುತ್ತಿದೆಯಲ್ಲ? ಹೌದು, ನಿಮ್ಮ ಆ ದೂರು ನ್ಯಾಯವಾದದ್ದು. ಮತವಿಲ್ಲದ ದೇಶದಲ್ಲಿ ದುಡಿಯುವವರಿಗೆ ಎರಡು ದೇಶಗಳ ನಡುವಿನ ಒಪ್ಪಂದವೇ ಆಸರೆ. ನಾವು ಕೇಳಬೇಕಾದದ್ದು ದೇಶ ಆರಿಸುವ ಹಕ್ಕನ್ನಲ್ಲ. ದುಡಿದ ವರ್ಷಗಳನ್ನು ಜೊತೆಯಲ್ಲಿ ಒಯ್ಯುವ ಹಕ್ಕನ್ನು.

ಯುರೋಪು ಅದನ್ನು ಚೆನ್ನಾಗಿ ಮಾಡಿದೆ. 2010ರ ಮೇ 1ರಿಂದ ಜಾರಿಯಲ್ಲಿರುವ 883/2004 ಎಂಬ ನಿಯಮದ ಪ್ರಕಾರ ಒಂದು ಸಮಯಕ್ಕೆ ಒಂದೇ ದೇಶಕ್ಕೆ ವಂತಿಗೆ, ಸಾಮಾನ್ಯವಾಗಿ ದುಡಿಯುವ ದೇಶಕ್ಕೆ. ಆದರೆ ಒಂದು ವರ್ಷವೂ ಹಾಳಾಗುವುದಿಲ್ಲ. ಜರ್ಮನಿಯಲ್ಲಿ 4 ವರ್ಷ, ನೆದರ್ಲೆಂಡ್ಸ್‌ನಲ್ಲಿ 12, ಸ್ವೀಡನ್ನಿನಲ್ಲಿ 20 ವರ್ಷ ದುಡಿದವರಿಗೆ ಮೂರೂ ದೇಶ ತಮ್ಮ ತಮ್ಮ ಪಾಲು ಕೊಡುತ್ತವೆ. ಕನಿಷ್ಠ ಅವಧಿ ತುಂಬಿದೆಯೇ ಎಂದು ನೋಡುವಾಗ ಎಲ್ಲ ವರ್ಷಗಳನ್ನೂ ಕೂಡಿಸುತ್ತವೆ. 2011ರಿಂದ ಡೆನ್ಮಾರ್ಕ್ ಬಿಟ್ಟು ಉಳಿದ ಕಡೆ ಈ ರಕ್ಷಣೆ ನಿಮ್ಮಂಥ ಹೊರದೇಶದ ಪ್ರಜೆಗಳಿಗೂ ಇದೆ. ನಾಳೆ ನೀವು ಆಮ್‌ಸ್ಟರ್‌ಡ್ಯಾಮಿಗೆ ಕೆಲಸಕ್ಕೆ ಹೋದರೂ ಸ್ಟುಟ್‌ಗಾರ್ಟ್‌ನ ವರ್ಷಗಳು ನಿಮ್ಮ ಹಿಂದೆ ಬರುತ್ತವೆ.

ಭಾರತ ಮತ್ತು ಜರ್ಮನಿ ನಡುವೆಯೂ 2017ರ ಮೇ 1ರಿಂದ ಪೂರ್ಣ ಸಾಮಾಜಿಕ ಭದ್ರತಾ ಒಪ್ಪಂದ ಜಾರಿಯಲ್ಲಿದೆ. ಬೆಂಗಳೂರಿನ ಕಂಪನಿಯೇ ಕಳುಹಿಸಿದವರು ಭಾರತದ ಪಿಎಫ್ ಪ್ರಮಾಣಪತ್ರ ತೋರಿಸಿ 48 ತಿಂಗಳು ಜರ್ಮನಿಯ ವಂತಿಗೆಯಿಂದ ವಿನಾಯಿತಿ ಪಡೆಯಬಹುದು. ನಿಮ್ಮ ಸಹೋದ್ಯೋಗಿ ಕೇಳುವ ಆಯ್ಕೆ ಒಂದು ಮಟ್ಟಿಗೆ ಇಲ್ಲಿದೆ, ಆದರೆ ಅದನ್ನು ಮಾಡುವುದು ನೌಕರರಲ್ಲ, ಕಳುಹಿಸುವ ಕಂಪನಿ. ನಿಮ್ಮ ಹಾಗೆ ಜರ್ಮನ್ ಕಂಪನಿಗೇ ಸೇರಿದವರಿಗೆ ಇದು ಅನ್ವಯಿಸುವುದಿಲ್ಲ. ನಿಮಗೆ ಬೇಕಾದದ್ದು ಒಪ್ಪಂದದ ಇನ್ನೊಂದು ಭಾಗ, ವರ್ಷಗಳನ್ನು ಕೂಡಿಸುವುದು.

ಜರ್ಮನಿಯಲ್ಲಿ ಪಿಂಚಣಿಯ ಹಕ್ಕಿಗೆ ಕನಿಷ್ಠ 5 ವರ್ಷ ಬೇಕು, ನಿಮ್ಮದು 4. ಭಾರತದ ಇಪಿಎಸ್‌ಗೆ 10 ವರ್ಷ ಬೇಕು, ನಿಮ್ಮದು 6. ಬಿಡಿಬಿಡಿಯಾಗಿ ನೋಡಿದರೆ ಎರಡೂ ಕಡೆ ನೀವು ಹೊರಗೆ. ಕೂಡಿಸಿದರೆ ಎರಡೂ ಕಡೆ ಒಳಗೆ! ಹಣ ಮಾತ್ರ ಅವರವರ ವರ್ಷಗಳಿಗೆ ಅವರವರೇ ಕೊಡುತ್ತಾರೆ. ಸರಾಸರಿ ಸಂಬಳ ಎಂದುಕೊಂಡರೆ ಜರ್ಮನಿಯ 4 ವರ್ಷಕ್ಕೆ 2025ರ ಜುಲೈನ ಬೆಲೆಯಲ್ಲಿ ತಿಂಗಳಿಗೆ ಸುಮಾರು 163 ಯೂರೋ. ಭಾರತದ್ದು, ಇಪಿಎಸ್ ಲೆಕ್ಕಕ್ಕೆ ಹಿಡಿಯುವ ಸಂಬಳದ 15,000 ರೂಪಾಯಿ ಮಿತಿಯ ಮೇಲೆ, 6 ವರ್ಷಕ್ಕೆ ತಿಂಗಳಿಗೆ ಸುಮಾರು 1,285 ರೂಪಾಯಿ. ಭಾರತದ ಮೊತ್ತ ಚಿಕ್ಕದು, ಆದರೆ ಆ 6 ವರ್ಷಗಳೇ ಜರ್ಮನಿಯ ಬಾಗಿಲಿನ ಬೀಗದಕೈ.

ಅದಕ್ಕೇ ಇಪಿಎಸ್ ಹಣ ತೆಗೆಯಬೇಡಿ ಎಂದದ್ದು. ತೆಗೆದರೆ ಆ ಸೇವಾ ಅವಧಿಯೇ ಅಳಿಸಿಹೋಗುತ್ತದೆ. ನನ್ನ ಬಳಿ ಸಲಹೆಗೆ ಬಂದಿದ್ದ ತುಮಕೂರಿನ ಹುಡುಗನೊಬ್ಬ ಮೂರೂವರೆ ವರ್ಷ ಜರ್ಮನಿಯಲ್ಲಿ ದುಡಿದು ವಾಪಸ್ ಬಂದಿದ್ದ. ಜರ್ಮನಿಗೆ ಹೊರಡುವ ಮೊದಲು ಇಲ್ಲಿನ ಹಳೇ ಕಂಪನಿಯ ಎಚ್‌ಆರ್‌ನವರು, ಚಿಕ್ಕ ಮೊತ್ತ, ಖಾತೆ ಮುಚ್ಚಿಬಿಡಿ ಎಂದು ಹೇಳಿ ಇಪಿಎಸ್ ಹಣ ವಾಪಸ್ ಪಡೆಯಲು ಅರ್ಜಿ ಹಾಕಿಸಿದ್ದರು. ಕೂಡಿಸಲು ಭಾರತದ ವರ್ಷಗಳೇ ಉಳಿದಿರಲಿಲ್ಲ. ಕಡೆಗೆ ಅವನು ಜರ್ಮನಿಯ ವಂತಿಗೆಯನ್ನು ವಾಪಸ್ ಕೇಳಬೇಕಾಯಿತು. ಅದೂ ಯುರೋಪ್ ಬಿಟ್ಟು 24 ತಿಂಗಳು ಕಾದ ಮೇಲೆ. ಸಿಕ್ಕಿದ್ದು ಅವನ ಅರ್ಧ ಮಾತ್ರ. ಕಂಪನಿ ಕಟ್ಟಿದ ಅರ್ಧ ಅಲ್ಲೇ ಉಳಿಯಿತು.

ಈ ವಿಷಯದಲ್ಲಿ ನೀವು ಅದೃಷ್ಟವಂತರು. ಅಮೆರಿಕದಲ್ಲಿರುವ ನಮ್ಮವರ ಪಾಡು ನೋಡಿ. ಸಂಬಳದ ಶೇ. 6.2 ಅವರದು, ಅಷ್ಟೇ ಕಂಪನಿಯದು. ಪಿಂಚಣಿಗೆ 40 ಕ್ರೆಡಿಟ್ ಬೇಕು, ಅಂದರೆ ಕನಿಷ್ಠ 10 ವರ್ಷದ ದುಡಿಮೆ. ಎಚ್-1ಬಿ ವೀಸಾ ಸಾಮಾನ್ಯವಾಗಿ 6 ವರ್ಷಕ್ಕೆ ಮುಗಿಯುತ್ತದೆ. ಭಾರತದ ಜೊತೆ ಒಪ್ಪಂದ ಇಲ್ಲ. ಕಟ್ಟಿದ್ದು ಹೋಯಿತು, ಅಷ್ಟೇ. ಬ್ರಿಟನ್ ಜೊತೆ 2025ರ ವ್ಯಾಪಾರ ಒಪ್ಪಂದದ ಸಂದರ್ಭದಲ್ಲಿ ಒಪ್ಪಿಕೊಂಡದ್ದು ಕಂಪನಿ ಕಳುಹಿಸಿದವರಿಗೆ 3 ವರ್ಷದ ವಿನಾಯಿತಿ. ಅಲ್ಲೇ ದುಡಿದು ಪಿಂಚಣಿ ಪಡೆದು ಮೈಸೂರಿಗೆ ಬಂದು ನೆಲೆಸಿದರೆ, ಆ ಪಿಂಚಣಿ ಮೊದಲ ದಿನದ ಮೊತ್ತದಲ್ಲೇ ನಿಂತುಬಿಡುತ್ತದೆ, ವರ್ಷ ವರ್ಷದ ಏರಿಕೆ ಭಾರತದಲ್ಲಿರುವವರಿಗೆ ಇಲ್ಲ. ನಾವೂ ಹೊರಗಿನವರ ಜೊತೆ ಅಷ್ಟು ಉದಾರವಾಗಿಲ್ಲ. ಒಪ್ಪಂದವಿಲ್ಲದ ದೇಶಗಳಿಂದ ಇಲ್ಲಿಗೆ ಬಂದು ದುಡಿಯುವವರಿಗೆ 2008ರಿಂದ ಪೂರ್ತಿ ಸಂಬಳದ ಮೇಲೆ ಪಿಎಫ್ ಕಡ್ಡಾಯ ಮಾಡಿದ್ದೆವು. 2024ರ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ನಿಯಮ ಸಂವಿಧಾನಕ್ಕೆ ವಿರುದ್ಧ ಎಂದಿತು, ಬೇರೆ ಹೈಕೋರ್ಟ್‌ಗಳು ಬೇರೆ ರೀತಿ ಹೇಳಿವೆ.

ಈಗ ನೀವು ಮಾಡಬೇಕಾದದ್ದು. ಪಿಎಫ್ ಪಾಸ್‌ಬುಕ್ ತೆರೆದು ಪಿಂಚಣಿ ಎಂಬ ಕಾಲಂನಲ್ಲಿ ತಿಂಗಳು ತಿಂಗಳು ಮೊತ್ತ ಬಿದ್ದಿದೆಯೇ ನೋಡಿ. 2014ರ ಸೆಪ್ಟೆಂಬರ್ 1ರ ನಂತರ ಮೊದಲ ಸಲ ಪಿಎಫ್‌ಗೆ ಸೇರಿದವರ ಮೂಲ ವೇತನ 15,000 ದಾಟಿದ್ದರೆ ಅವರು ಇಪಿಎಸ್‌ಗೆ ಬರುವುದೇ ಇಲ್ಲ. ಮೊತ್ತ ಇದ್ದರೆ, ಫಾರಂ 10ಸಿ ಹಾಕುವಾಗ ಹಣ ವಾಪಸ್ ಕೇಳದೆ ಸ್ಕೀಮ್ ಸರ್ಟಿಫಿಕೇಟ್ ಕೇಳಿ. ಆ ಕಾಗದ ನಿಮ್ಮ 6 ವರ್ಷಗಳಿಗೆ ಸಾಕ್ಷಿ. ಕಾಲಂ ಖಾಲಿ ಇದ್ದರೆ, ಭಾರತಕ್ಕೆ ಬರುವ ಯೋಚನೆಯನ್ನು ಸಾಧ್ಯವಾದರೆ ಇನ್ನೊಂದು 12 ತಿಂಗಳು ಮುಂದೂಡಿ. 60 ತಿಂಗಳು ತುಂಬಿದರೆ ಜರ್ಮನಿಯ ಹಕ್ಕು ಯಾರ ಹಂಗೂ ಇಲ್ಲದೆ ನಿಮ್ಮದು, 67ಕ್ಕೆ ಶಿವಮೊಗ್ಗದ ಬ್ಯಾಂಕಿಗೇ ಬರುತ್ತದೆ. ಜರ್ಮನಿಯ ಪಿಂಚಣಿ ಕಚೇರಿಯಿಂದ ನಿಮ್ಮ ವಿಮಾ ಅವಧಿಯ ಪಟ್ಟಿಯನ್ನೂ ಈಗಲೇ ತರಿಸಿಕೊಳ್ಳಿ, ಅದಕ್ಕೆ ಫೀಸಿಲ್ಲ. ಕೆಲಸ ಬದಲಿಸಿದ ತಿಂಗಳುಗಳು, ಹೆರಿಗೆ ರಜೆಯ ತಿಂಗಳುಗಳು ಅದರಲ್ಲಿ ಸರಿಯಾಗಿ ಬಂದಿವೆಯೇ ನೋಡಿ. ಬಿಟ್ಟುಹೋಗಿದ್ದರೆ ಸಂಬಳದ ಚೀಟಿಗಳು ಕೈಯಲ್ಲಿರುವಾಗಲೇ ಬರೆದು ಸರಿಪಡಿಸಿಕೊಳ್ಳಿ. ಮೂವತ್ತು ವರ್ಷ ಕಳೆದ ಮೇಲೆ ಅವನ್ನು ಹುಡುಕಿಕೊಡಲು ಆ ಕಂಪನಿ ಇರುತ್ತದೋ ಇಲ್ಲವೋ.